ಯಾರೂ ಕುಡಿಯದ ಸಾರು

ಆ ಊರಿಗೆ ದಾರಿ ಇರಲಿಲ್ಲ, ಕಿಟಕಿ ಇತ್ತು. ಅಂಗೈಯಗಲದ, ಒಳಗಿನಿಂದಲೇ ಬೆಳಗುವ ಒಂದು ಕಿಟಕಿ. ಅದನ್ನು ದಿಟ್ಟಿಸುತ್ತ ಕುಳಿತರೆ ಕುಳಿತಲ್ಲೇ ಮೈ ಹಗುರಾಗುತ್ತಿತ್ತು, ಕಣ್ಣು ಬಿಟ್ಟಾಗ ಊರ ಕೊಳದ ಮೆಟ್ಟಿಲ ಮೇಲಿರುತ್ತಿದ್ದರು. ಬರುವವರೆಲ್ಲ ಬರಿಗೈಯಲ್ಲಿ, ಒಂದೇ ಬಗೆಯ ಬೂದು ಅಂಗಿಯಲ್ಲಿ ಬರುತ್ತಿದ್ದರು. ಮುಖವನ್ನು ಮಾತ್ರ ಆರಿಸಿಕೊಂಡು ಬರಬಹುದಿತ್ತು, ಹೆಸರನ್ನೂ. ಹಾಗಾಗಿ ಊರು ತುಂಬ ಚೆಲುವರೇ, ಶೂರರೇ. ಪ್ರಳಯಭುಜ ಎಂದು ಕೂಗಿದರೆ ಚೌಕದ ನಾಲ್ಕೂ ಮೂಲೆಯಿಂದ ಒಬ್ಬೊಬ್ಬ ತಿರುಗಿ ನೋಡುತ್ತಿದ್ದ. ಈ ತಾಪತ್ರಯ ಬೇಡವೆಂದು ಜನ ಒಬ್ಬರನ್ನೊಬ್ಬರು ಕಸುಬಿನಿಂದ ಕರೆಯತೊಡಗಿದ್ದರು.

ಆ ಊರಿನಲ್ಲಿ ಹಸಿವಿರಲಿಲ್ಲ, ರುಚಿ ಇತ್ತು. ಮಳೆ ಇತ್ತು, ನೆಗಡಿ ಇರಲಿಲ್ಲ. ಮಾಡಿಟ್ಟದ್ದು ಎಷ್ಟು ಕಾಲವಾದರೂ ಹಳಸುತ್ತಿರಲಿಲ್ಲ. ಮಾತಿನ ನಡುವೆ ಜನ ಮಾಯವಾಗುತ್ತಿದ್ದರು. ಆಚೆಯಿಂದ ಕರೆ ಬರುತ್ತಿತ್ತು: ಹಾಲು ಉಕ್ಕಿತೆಂದೋ, ಯಾರೋ ಬಾಗಿಲು ಬಡಿದರೆಂದೋ, ಮೇಲಧಿಕಾರಿ ಬೆನ್ನ ಹಿಂದೆ ಬಂದು ನಿಂತನೆಂದೋ. ಅರ್ಧಕ್ಕೆ ಬಿಟ್ಟುಹೋದ ಮಾತನ್ನು ಮರಳಿ ಬಂದಾಗ ಅಲ್ಲೇ ನಿಂತು ಮುಗಿಸುವುದು ಅಲ್ಲಿಯ ಮರ್ಯಾದೆ. ಕೇಳುತ್ತಿದ್ದವನು ಎದ್ದುಹೋಗಿದ್ದರೂ ಸರಿ. ಬೆಳಗಿನ ಹೊತ್ತು ಚೌಕದಲ್ಲಿ, ಬೇಡವೆಂದರೆ ಬೇಡ, ಅದಕ್ಕೇ ನಾನು ಮೊದಲೇ ಹೇಳಿದ್ದೆ, ಎಂದು ಗಾಳಿಗೆ ಹೇಳಿ ಮುಗಿಸಿ ತಮ್ಮ ಪಾಡಿಗೆ ಹೋಗುವವರನ್ನು ಕಂಡರೆ ಯಾರೂ ನಗುತ್ತಿರಲಿಲ್ಲ.

ನಿಯಮವೆಂಬುದು ಒಂದೇ. ತಾನು ಮಾಡಿದ್ದು ತನಗೆ ಒದಗುವುದಿಲ್ಲ. ಕೊಡೆಯವಳು ತನ್ನದೇ ಕೊಡೆ ಬಿಚ್ಚಿ ನಿಂತರೆ ಮಳೆ ಬಟ್ಟೆಯನ್ನು ಹಾದು ಅವಳ ನೆತ್ತಿಗೇ ಬೀಳುತ್ತಿತ್ತು. ಬೀಗದವನು ತನ್ನ ಬೀಗವನ್ನು ತನ್ನ ಬಾಗಿಲಿಗೆ ಹಾಕಿದರೆ ಅದು ಅವನೆದುರೇ ಆಕಳಿಸಿ ಬಾಯಿ ತೆರೆಯುತ್ತಿತ್ತು. ಇದನ್ನು ಗೊತ್ತುಮಾಡಿದವರು ಊರು ಕಟ್ಟಿದವರಿರಬೇಕು. ಅವರನ್ನು ಕಂಡವರಿಲ್ಲ. ಆಗೀಗ ಎಲ್ಲರನ್ನೂ ಹೊರಗೆ ಹಾಕಿ ಊರು ಮುಚ್ಚುತ್ತಿದ್ದರು. ಮತ್ತೆ ತೆರೆದಾಗ ಒಂದು ಬೆಟ್ಟ ಸ್ವಲ್ಪ ಆಚೆ ಸರಿದಿರುತ್ತಿತ್ತು, ಅಷ್ಟೆ. ಏನಾದರಾಗಲಿ, ತನ್ನದು ತನಗೆ ಒದಗದ ಮೇಲೆ ಎಲ್ಲರೂ ಇನ್ನೊಬ್ಬರ ಅಂಗಡಿಗೆ ಹೋಗಲೇಬೇಕಲ್ಲ. ಹಾಗೆ ಅಲ್ಲೊಂದು ಸಂತೆ ಬೆಳೆಯಿತು. ಸಂತೆ ಬೆಳೆದು ಅದೇ ಊರಾಯಿತು.

ಊರಿನಲ್ಲಿ ಒಬ್ಬ ಸಾರಿನವನಿದ್ದ. ಅವನೂ ಬಂದಾಗ ರಕ್ತಖಡ್ಗನೆಂಬ ಹೆಸರಿನವನೇ. ಮೊದಲ ದಿನ ಉತ್ತರದ ಕಣಿವೆಯವರೆಗೆ ಹೋಗಿ, ಅಲ್ಲಿ ಮಲಗಿದ್ದ ಮೃಗವನ್ನು ದೂರದಿಂದ ನೋಡಿ, ಅದು ಎಚ್ಚರಗೊಳ್ಳುವ ಮುನ್ನ ಮರಳಿ ಬಂದು ಕೊಳದ ಪಕ್ಕ ಒಲೆ ಹಚ್ಚಿದ. ಹಸಿವಿಲ್ಲದ ಊರಿನಲ್ಲಿ ಒಲೆ ಹಚ್ಚುವ ಯೋಚನೆ ಬೇರೆ ಯಾರಿಗೂ ಬಂದಿರಲಿಲ್ಲ. ಆಚೆ ಅವನು ಒಬ್ಬನೇ ಉಣ್ಣುವವನು ಎಂದು ಜನ ಆಡಿಕೊಳ್ಳುತ್ತಿದ್ದರು. ಅವನು ಹೌದೆಂದಿರಲಿಲ್ಲ, ಅಲ್ಲವೆಂದೂ ಅಂದಿರಲಿಲ್ಲ.

ಬೇಳೆ ಬೇಯಿಸುತ್ತಿದ್ದ. ಹುಳಿ ಕಿವುಚುತ್ತಿದ್ದ. ಮೆಣಸು ಕುಟ್ಟುತ್ತಿದ್ದ. ಒಗ್ಗರಣೆ ಚೊಂಯ್‌ಗುಟ್ಟಿಸಿ, ಕುಡಿಕೆಗೆ ತುಂಬಿ, ಎಲೆ ಮುಚ್ಚಿ, ದಾರ ಕಟ್ಟುತ್ತಿದ್ದ. ದಾರದ ಗಂಟು ಹಾಕುವ ಮುಂಚೆ ಒಂದು ಸೌಟು ತಾನೂ ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಿಯಮ ಗೊತ್ತಿದ್ದೂ ಹಾಕಿಕೊಳ್ಳುತ್ತಿದ್ದ. ಬಿಸಿ ಎಂಬುದೊಂದು ಬಿಟ್ಟು ಇನ್ನೇನೂ ನಾಲಿಗೆಗೆ ಹತ್ತುತ್ತಿರಲಿಲ್ಲ. ಪರವಾಗಿಲ್ಲ ಎಂದುಕೊಂಡು ಗಂಟು ಬಿಗಿಯುತ್ತಿದ್ದ, ಏಕೆಂದರೆ ಊರಿಗೆ ಊರೇ ಆ ಸಾರನ್ನು ಹೊಗಳುತ್ತಿತ್ತು. ಕೊಡೆಯವಳು ಮೆಣಸಿನ ಘಮವನ್ನು ಹೊಗಳುತ್ತಿದ್ದಳು. ಬೀಗದವನು ಒಗ್ಗರಣೆಯ ಹದವನ್ನು ಹೊಗಳುತ್ತ ಕಣ್ಣು ಮುಚ್ಚುತ್ತಿದ್ದ. ಕುಡಿಕೆ ಇಟ್ಟ ಕೂಡಲೇ ಖರ್ಚಾಗುತ್ತಿತ್ತು. ಅದಕ್ಕೆ ಬದಲಾಗಿ ಬೇಳೆ, ಸೌದೆ, ಚಳಿಗೆ ಕಂಬಳಿ, ಏನು ಬೇಕಾದರೂ ಬರುತ್ತಿತ್ತು. ಯಾರಿಗಾದರೂ ತನ್ನ ಕೈಯಡಿಗೆ ಹಿಡಿಸುತ್ತದಲ್ಲ, ಇನ್ನೇನು ಬೇಕು ಎಂದು ಅವನು ಸುಖವಾಗಿದ್ದ.

ಒಂದು ದಿನ ಅವನಿಗೆ ಮಿತವ್ಯಯದ ಬುದ್ಧಿ ಬಂತು. ಕುಡಿಕೆಯವನು ಮಡಕೆ ಸುಡುವ ಆವಿಗೆಗೆ ಹೋಗಿ, ಪ್ರತಿ ಸಲ ಹೊಸ ಕುಡಿಕೆ ಯಾಕೆ, ಜನ ಕುಡಿದಿಟ್ಟ ಖಾಲಿ ಕುಡಿಕೆಗಳನ್ನೇ ಒಟ್ಟುಮಾಡಿ ತೊಳೆದರೆ ಆಗದೇ, ಎಂದು ಕೇಳಿದ. ಕುಡಿಕೆಯವನು ತಿರುಗುತ್ತಿದ್ದ ತಿಗರಿ ನಿಲ್ಲಿಸಿದ.

"ಖಾಲಿ ಕುಡಿಕೆಯಾ? ನಿನ್ನ ಒಂದು ಖಾಲಿ ಕುಡಿಕೆಯನ್ನೂ ನಾನು ಈವರೆಗೆ ಕಂಡಿಲ್ಲ ಮಾರಾಯ."

ಸಾರಿನವನು ನಕ್ಕ. ಕುಡಿಕೆಯವನು ನಗಲಿಲ್ಲ. ಅವನನ್ನು ಕರೆದುಕೊಂಡು ಹೋಗಿ ಹಿತ್ತಲ ಕೋಣೆಯ ಬಾಗಿಲು ತೆಗೆದು ತೋರಿಸಿದ. ನೆಲದಿಂದ ಸೂರಿನವರೆಗೆ ಸಾಲುಸಾಲು ಕುಡಿಕೆಗಳು, ಮುಚ್ಚಿದ ಎಲೆ ಮುಚ್ಚಿದಂತೆ, ಕಟ್ಟಿದ ದಾರ ಕಟ್ಟಿದಂತೆ. ಇವು ನೀನು ಕೊಟ್ಟದ್ದು, ಅವು ಕೊಡೆಯವಳು ಮಡಕೆಗೆ ಕೊಟ್ಟದ್ದು, ಆ ಮೂಲೆಯವು ಬೀಗದವನದು, ಎಂದು ಅಭಿಮಾನದಿಂದ ವಿವರಿಸಿದ. ಊರು ಕಟ್ಟಿದವರು ವ್ಯಾಪಾರಕ್ಕೆಂದು ತಾಮ್ರದ ಬಿಲ್ಲೆಗಳನ್ನು ಇಟ್ಟಿದ್ದರು ನಿಜ. ಆದರೆ ಯಾವ ಕಲ್ಲೆತ್ತಿದರೂ ಅಡಿಯಲ್ಲಿ ಬಿಲ್ಲೆ ಸಿಗುತ್ತಿದ್ದರೆ ಅದನ್ನು ಯಾರು ಮುಟ್ಟುತ್ತಾರೆ? ಸಾರು ಹಾಗಲ್ಲ. ಮಾಡುವವನು ಒಬ್ಬನೇ, ಮಾಡುವುದು ನಿಧಾನ, ಇಟ್ಟರೆ ಹಳಸುವುದಿಲ್ಲ. ಹಾಗಾಗಿ ಬಿಲ್ಲೆಯ ಬದಲು ಸಾರೇ ನಾಣ್ಯವೆಂದು ಊರು ಎಂದೋ ಒಪ್ಪಿಕೊಂಡುಬಿಟ್ಟಿತ್ತು. ಅದನ್ನು ಸಾರಿನವನಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವನಿಗೆ ಗೊತ್ತಿಲ್ಲದಿರಬಹುದೆಂದೂ ಹೊಳೆದಿರಲಿಲ್ಲ.

ಅಂದಿನಿಂದ ಸಾರಿನವನ ಕಣ್ಣಿಗೆ ಊರು ಬೇರೆಯಾಗಿ ಕಾಣತೊಡಗಿತು. ಬೀಗದವನ ಬೀಗಗಳೆಲ್ಲ ತನ್ನ ಸಾರಿನ ಉಗ್ರಾಣಗಳಿಗೆ. ಕೊಡೆಯವಳ ದೊಡ್ಡ ಕೊಡೆಗಳೆಲ್ಲ ಸೋರುವ ಉಗ್ರಾಣಗಳ ಸೂರಿನಡಿಗೆ. ತನ್ನ ಬೀಗ ತನಗೆ ಒದಗದ ಬೀಗದವನು ತನ್ನ ಉಗ್ರಾಣಕ್ಕೆ ಒಬ್ಬ ಕಾವಲುಗಾರನನ್ನಿಟ್ಟಿದ್ದ. ಆ ಕಾವಲುಗಾರನಿಗೆ ಸಂಬಳವೂ ಸಾರೇ. ಒಂದು ಇಡೀ ಊರು ತನ್ನ ಸಾರನ್ನು ಕಾಯುತ್ತ, ಒರೆಸುತ್ತ, ಜೋಡಿಸುತ್ತ ಬದುಕಿತ್ತು. ಕುಡಿಯುವುದೊಂದು ಬಿಟ್ಟು ಅದಕ್ಕೆ ಮಾಡಬೇಕಾದ ಎಲ್ಲ ಉಪಚಾರವನ್ನೂ ಮಾಡುತ್ತಿತ್ತು.

ಹಾಗಿದ್ದರೆ ಆ ಹೊಗಳಿಕೆ ಎಲ್ಲಿಯದು? ಅವನು ಕೇಳುತ್ತ ಹೊರಟ. ಕೊಡೆಯವಳು, ತಾನು ಕುಡಿದಿಲ್ಲ, ಆದರೆ ಬೀಗದವನು ಹೇಳಿದ್ದು ಕೇಳಿದ್ದೇನೆ, ಮೆಣಸಿನ ಘಮ ಹೀಗೆ ಮೂಗಿಗೆ ಏರುತ್ತದಂತೆ, ಎಂದಳು. ಬೀಗದವನು ತುಸು ನೊಂದುಕೊಂಡೇ, ತಾನು ಅಂಥ ದುಂದುಗಾರನಲ್ಲ, ತಕ್ಕಡಿಯವನ ಬಾಯಿಂದ ಕೇಳಿದ್ದು, ಎಂದ. ತಕ್ಕಡಿಯವನು ಸಂತೆಯ ಹಿರಿಯ. ಎಲ್ಲವೂ ಎಣಿಕೆಯ ಮೇಲೆ ನಡೆಯುವ ಆ ಚೌಕದ ನಡುವೆ ಒಂದು ದೊಡ್ಡ ತಕ್ಕಡಿ ತೂಗುಹಾಕಿಕೊಂಡು ಕುಳಿತಿರುತ್ತಿದ್ದ. ತೂಗಲು ಯಾರೂ ಏನನ್ನೂ ತರುತ್ತಿರಲಿಲ್ಲವಾದರೂ ತಕ್ಕಡಿ ಇದ್ದದ್ದರಿಂದ ಅವನ ಮಾತಿಗೆ ತೂಕವಿತ್ತು. ಸಾರಿನವನ ಪ್ರಶ್ನೆ ಕೇಳಿ ಅವನಿಗೆ ಆಶ್ಚರ್ಯವಾಯಿತು.

"ನೀನೇ ಅಲ್ಲವೇನಯ್ಯಾ, ಮೊದಲ ದಿನ ಮೆಟ್ಟಿಲ ಮೇಲೆ ನಿಂತು ಕೂಗಿದ್ದು, ಇಂಥ ಸಾರು ಎಲ್ಲೂ ಸಿಗೋದಿಲ್ಲ ಬನ್ನಿ ಅಂತ? ನಾನು ಅದನ್ನೇ ಹೇಳಿದೆ. ಸುಳ್ಳಾಗಿತ್ತೇನು?"

ಸುಳ್ಳೋ ನಿಜವೋ ಎನ್ನಲು ಸಾರಿನವನಿಗೆ ಗೊತ್ತಿದ್ದರಲ್ಲವೇ.

ಒಬ್ಬರಾದರೂ ಕುಡಿದು ಹೇಳಬೇಕು. ಅವನಿಗೆ ಬೇಕಾದದ್ದು ಅಷ್ಟೇ ಆಗಿತ್ತು, ಮತ್ತು ಅದಿಲ್ಲದೆ ಇನ್ನು ಸೌಟು ಹಿಡಿಯಲಾಗದು ಎನ್ನಿಸಿತು. ಕೊಡೆಯವಳಿಗೆ ಒಂದು ಕುಡಿಕೆ ಪುಕ್ಕಟೆ ಕೊಟ್ಟು, ಬರೀ ಒಂದು ಗುಟುಕು ಎಂದು ಕೇಳಿಕೊಂಡ. ಅವಳು ತುಂಬು ಮನಸ್ಸಿನಿಂದ ಇಸಿದುಕೊಂಡು ಒಳಗೆ ಹೋಗಿ ಸಾಲಿನಲ್ಲಿಟ್ಟು ಬಂದಳು. ಮರುದಿನ ಬೀಗದವನಿಗೆ ತಾನೇ ದಾರ ಬಿಚ್ಚಿ ಕೊಟ್ಟ. ಬೀಗದವನು ಕುಡಿಕೆಯನ್ನು ತುಟಿಯವರೆಗೆ ತಂದ, ಮೂಸಿದ, ಆಚೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಕಣೋ, ಎಂದವನೇ ಮಾಯವಾದ. ಕುಡಿಕೆ ಮೆಟ್ಟಿಲ ಮೇಲೆ ಉಳಿಯಿತು. ಹೀಗೇ ಒಬ್ಬೊಬ್ಬರಿಗೂ ತುಟಿಯ ಹತ್ತಿರ ಬಂದಾಗಲೇ ಕರೆ ಬರತೊಡಗಿತು. ಆ ವಾರ ಆಚೆ ಉಕ್ಕಿದಷ್ಟು ಹಾಲು ಎಂದೂ ಉಕ್ಕಿರಲಾರದು.

ಕೊನೆಗೆ ಸಾರಿನವನು ಹಟ ಹಿಡಿದ. ಇನ್ನು ಮೇಲೆ ದಾರ ಕಟ್ಟಿ ಕೊಡುವುದಿಲ್ಲ, ಇಲ್ಲೇ ಕುಳಿತು ನನ್ನೆದುರು ಕುಡಿಯುವವರಿಗೆ ಮಾತ್ರ, ಎಂದು ಸಾರಿದ. ತೆರೆದ ಕುಡಿಕೆಯನ್ನು ಬದಲಿಗೆ ಯಾರು ತೆಗೆದುಕೊಳ್ಳುತ್ತಾರೆ? ಒಬ್ಬರೂ ಬರಲಿಲ್ಲ. ಹೊಸ ಕುಡಿಕೆ ಬರುವುದು ನಿಂತದ್ದೇ ಹಳೆಯ ಕುಡಿಕೆಗಳ ಬೆಲೆ ಗಗನಕ್ಕೇರಿತು. ಒಂದು ಕುಡಿಕೆಗೆ ಒಂದು ಮನೆಯೇ ಬರುವಂತಾಯಿತು. ಜನ ಬೀಗದ ಮೇಲೆ ಬೀಗ ಹಾಕಿದರು. ತಕ್ಕಡಿಯವನು ತಾನಾಗಿ ಎದ್ದುಬಂದು ಸಾರಿನವನ ಬೆನ್ನು ತಟ್ಟಿ, ಭಲೇ ವ್ಯವಹಾರಸ್ಥ ಕಣಯ್ಯಾ ನೀನು, ನಮಗ್ಯಾರಿಗೂ ಇದು ಹೊಳೆದಿರಲಿಲ್ಲ, ಎಂದ. ಸಾರಿನವನು ಒಲೆಯ ಮುಂದೆ ಕುಳಿತು ಕುದಿಯುವ ಪಾತ್ರೆಯನ್ನು ನೋಡಿದ. ಬೇಳೆ ಬೇಯಿಸಿದ್ದ. ಹುಳಿ ಕಿವುಚಿದ್ದ. ಮೆಣಸು ಕುಟ್ಟಿದ್ದ.

ಆ ಹೊತ್ತಿಗೆ ಹೊಸಬಳು ಬಂದಳು.

ಕೊಳದ ಮೆಟ್ಟಿಲ ಮೇಲೆ ಬೂದು ಅಂಗಿಯಲ್ಲಿ ಕಣ್ಣು ಬಿಟ್ಟ ಅವಳನ್ನು ಕಂಡು ಜನ ಗುಸುಗುಸು ಎಂದರು. ಎಲ್ಲ ಮುಖಗಳೂ ಸಿಗುತ್ತಿದ್ದ ಕಡೆಯಿಂದ ಅವಳು ಒಂದು ಮುದುಕಿಯ ಮುಖ ಆರಿಸಿಕೊಂಡು ಬಂದಿದ್ದಳು, ಮುಂದಿನ ಒಂದು ಹಲ್ಲು ಇಲ್ಲದ್ದು. ಆರಿಸುವುದು ತಿಳಿಯಲಿಲ್ಲವೋ ಏನೋ ಎಂದು ಕೊಡೆಯವಳು ಮರುಗಿದಳು. ಅದು ಅವಳದೇ ಮುಖವಿರಬಹುದೆಂಬ ಅನುಮಾನ ಯಾರಿಗೂ ಬರಲಿಲ್ಲ. ಹೊಸಬಳು ಸೆರಗಿಲ್ಲದ ಅಂಗಿಯನ್ನು ಎಳೆದುಕೊಂಡು, ಇಲ್ಲಿ ಬಾಯಿಗೆ ಏನಾದರೂ ಸಿಗುತ್ತದೆಯೇ ಎಂದು ಕೇಳಿದಳು. ಈ ಊರಿನಲ್ಲಿ ಹಸಿವಿಲ್ಲ ಎಂದು ತಕ್ಕಡಿಯವನು ತಿಳಿಹೇಳಿದ. ಹಸಿವಿನ ಮಾತು ತಾನು ಆಡಿಲ್ಲವಲ್ಲ, ಎಂದಳು ಅವಳು.

ಸಾರಿನವನು ಎದ್ದ. ಪಾತ್ರೆಯಿಂದ ಒಂದು ಕುಡಿಕೆ ತುಂಬಿದ. ಎಲೆ ಮುಚ್ಚಲಿಲ್ಲ, ದಾರ ಕಟ್ಟಲಿಲ್ಲ. ಅವನು ಮೆಟ್ಟಿಲಿಳಿದು ಬರುವಷ್ಟರಲ್ಲಿ ತಕ್ಕಡಿಯವನು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಹಿರಿಯನ ಮುಖದಲ್ಲಿ ಆ ದಿನ ವ್ಯಾಪಾರದ ನಗೆ ಇರಲಿಲ್ಲ.

"ಸ್ವಲ್ಪ ಯೋಚನೆ ಮಾಡಪ್ಪ. ಚೆನ್ನಾಗಿಲ್ಲ ಅಂದುಬಿಟ್ಟರೆ? ಇಡೀ ಊರು ನಿನ್ನ ಸಾರಿನ ಮೇಲೆ ನಿಂತಿದೆ."

"ಊರು ನಿಂತಿದೆ," ಎಂದ ಸಾರಿನವನು. "ಯಾರಾದರೂ ಕೂತು ಕುಡಿಯಲಿ ಅಂತ ನಾನು ಮಾಡಿದ್ದು."

"ಕೆಟ್ಟದಾಗಿದ್ದರೆ?"

"ಕೆಟ್ಟದು ಅಂತ ಗೊತ್ತಾಗುತ್ತಲ್ಲ."

ತೋಳು ಬಿಡಿಸಿಕೊಂಡು ಅವನು ಕುಡಿಕೆಯನ್ನು ಹೊಸಬಳತ್ತ ಚಾಚಿದ. ಸಾರು ಕುಡಿಕೆಯ ಅಂಚಿಗೆ ಬಂದು ಬೆರಳನ್ನು ಸುಟ್ಟಿತು. ತಕ್ಕಡಿಯವನು ಈಗ ಹೊಸಬಳ ಕಡೆ ತಿರುಗಿ, ತಾಯೀ, ಕುಡಿಯಬೇಡ, ಎಲೆ ಮುಚ್ಚಿ ಇಟ್ಟುಕೋ, ಇದೊಂದಕ್ಕೆ ನಿನಗೆ ಮನೆ ಸಿಗುತ್ತದೆ, ಕಂಬಳಿ ಸಿಗುತ್ತದೆ, ಎಂದು ಬುದ್ಧಿ ಹೇಳಿದ. ಕಾವಲುಗಾರ ಒಂದು ಎಲೆಯನ್ನೂ ದಾರವನ್ನೂ ತಂದು ಕೊಡಲು ಮುಂದಾದ. ಚೌಕದಲ್ಲಿದ್ದವರೆಲ್ಲ ಮೆಟ್ಟಿಲ ಸುತ್ತ ಸೇರಿದ್ದರು. ಯಾರಿಗೂ ಕರೆ ಬರಲಿಲ್ಲ. ಆಚೆ ಹಾಲು ಉಕ್ಕಿದರೂ ಉಕ್ಕಲಿ ಎಂಬಂತೆ ನಿಂತಿದ್ದರು.

ಹೊಸಬಳು ಎಲೆಯನ್ನು ಪಕ್ಕಕ್ಕೆ ಇಟ್ಟಳು. ಎರಡೂ ಕೈಯಲ್ಲಿ ಕುಡಿಕೆ ಹಿಡಿದು, ಊದಿ, ಕುಡಿದಳು. ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಕುಡಿದಳು. ತಳದ ಬೇಳೆಯನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಆಮೇಲೆ ತುಟಿ ಒರೆಸಿಕೊಂಡು ಸಾರಿನವನನ್ನು ನೋಡಿದಳು.

"ಹುಳಿ ಮುಂದಾಗಿದೆ."

ಆ ಮಾತು ಚೌಕವನ್ನು ದಾಟುವಷ್ಟರಲ್ಲಿ ಸಾರು ಹುಳಿಯಂತೆ ಎಂದಾಯಿತು. ಕುಡಿಕೆಯವನ ಆವಿಗೆ ತಲುಪುವಷ್ಟರಲ್ಲಿ ಹಳಸಿದೆಯಂತೆ ಎಂದಾಯಿತು. ಉತ್ತರದ ಕಣಿವೆ ಮುಟ್ಟುವಷ್ಟರಲ್ಲಿ ಕುಡಿದವಳು ಸತ್ತಳಂತೆ ಎಂದಾಗಿತ್ತು, ಅವಳು ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತಿದ್ದಾಗಲೇ. ಜನ ತಮ್ಮ ತಮ್ಮ ಉಗ್ರಾಣಗಳಿಗೆ ಓಡಿದರು. ತಳ್ಳುಗಾಡಿಗಳಲ್ಲಿ ಕುಡಿಕೆ ಹೇರಿಕೊಂಡು ಬಂದು ಎದುರು ಸಿಕ್ಕವರಿಗೆ ಕೊಡಲು ನೋಡಿದರು. ಎದುರು ಸಿಕ್ಕವರೂ ಕುಡಿಕೆ ಹೇರಿಕೊಂಡೇ ಬರುತ್ತಿದ್ದರು. ಕೊಡೆಯವಳು ಬೀಗದವನಿಗೆ, ಬೀಗದವನು ಕಾವಲುಗಾರನಿಗೆ, ಕಾವಲುಗಾರ ಮತ್ತೆ ಕೊಡೆಯವಳಿಗೆ, ಎಲ್ಲರೂ ಬಹಳ ಉದಾರವಾಗಿ ಕೊಡುತ್ತಿದ್ದರು. ತೆಗೆದುಕೊಳ್ಳುವ ಕೈ ಒಂದೂ ಇರಲಿಲ್ಲ. ತಕ್ಕಡಿಯವನು ಹೊಸಬಳ ಮುಂದೆ ಕೈಮುಗಿದು, ಇನ್ನೊಮ್ಮೆ ಸರಿಯಾಗಿ ನೆನಪು ಮಾಡಿಕೊಂಡು ಹೇಳು ತಾಯೀ, ಎಂದ. ನೀನೇ ಒಂದು ಗುಟುಕು ಕುಡಿದು ನೋಡಪ್ಪ, ಎಂದು ಅವಳು ಪಕ್ಕದ ಗಾಡಿಯಿಂದ ಒಂದು ಕುಡಿಕೆ ಎತ್ತಿ ಚಾಚಿದಳು. ತಕ್ಕಡಿಯವನಿಗೆ ಆಗ ಆಚೆಯಿಂದ ಕರೆ ಬಂತು.

ಈ ಗದ್ದಲದ ನಡುವೆ ಸಾರಿನವನು ಬಂದು ಮೆಟ್ಟಿಲ ಮೇಲೆ ಕುಳಿತಿದ್ದ. ಹೊಸಬಳು ಅವನನ್ನು ನೋಡಿ, ಬೇಜಾರಾಯಿತೇ ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಕೇಳಿದ:

"ಉಪ್ಪು?"

"ಉಪ್ಪು ಸರಿ ಇದೆ."

"ಮೆಣಸು?"

"ಮೆಣಸು ಚೆನ್ನಾಗಿದೆ. ಬೇಳೆ ಇನ್ನೊಂಚೂರು ಬೇಯಬೇಕಿತ್ತು. ಒಗ್ಗರಣೆ ಅವಸರದಲ್ಲಿ ಹಾಕಿದ್ದೀಯ."

ಅವನು ಒಂದೊಂದನ್ನೂ ಕೇಳಿಸಿಕೊಂಡ. ಅವನ ಪಕ್ಕದಲ್ಲೇ ಒಂದು ಗಾಡಿ ಮಗುಚಿ ಕುಡಿಕೆಗಳು ಉರುಳಿ ಕೊಳಕ್ಕೆ ಬಿದ್ದವು. ಅವನು ತಿರುಗಿ ನೋಡಲಿಲ್ಲ. ಬೇಳೆ ಎಷ್ಟು ಬೇಯಬೇಕಿತ್ತು ಎಂದು ಕೇಳಿದ. ಬೆರಳಲ್ಲಿ ಹಿಸುಕಿದರೆ ಗೊತ್ತಾಗುತ್ತದಲ್ಲ, ಅದನ್ನೂ ಹೇಳಿಕೊಡಬೇಕೇ, ಎಂದು ಅವಳು ಗದರಿದಳು. ಗದರಿಸಿಕೊಂಡು ಅವನು ನಕ್ಕದ್ದನ್ನು ಊರಿನಲ್ಲಿ ಯಾರೂ ಗಮನಿಸಲಿಲ್ಲ.

ಊರಿಗೆ ಏನೂ ಆಗಲಿಲ್ಲ. ಕೆಲವು ದಿನ ಸಂತೆ ಮಂಕಾಗಿತ್ತು, ಅಷ್ಟೆ. ಆಮೇಲೆ ತಕ್ಕಡಿಯವನು ಎಲ್ಲರನ್ನೂ ಸೇರಿಸಿ, ರುಚಿ ನೋಡಬಹುದಾದ ವಸ್ತುವನ್ನು ನಂಬಿದ್ದೇ ತಪ್ಪಾಯಿತು, ಇನ್ನು ಕೊಡೆಗಳು, ಎಂದು ತೀರ್ಮಾನ ಹೇಳಿದ. ಕೊಡೆ ಮಾಡುವವಳು ಒಬ್ಬಳೇ, ಮಾಡುವುದು ನಿಧಾನ, ಇಟ್ಟರೆ ಕೆಡುವುದಿಲ್ಲ. ಬಿಚ್ಚಿದರೆ ಮಾತ್ರ ಬೆಲೆ ಇಳಿಯುತ್ತದೆ. ಎಲ್ಲರಿಗೂ ಒಪ್ಪಿಗೆಯಾಯಿತು. ಅಂದಿನಿಂದ ಮಳೆ ಬಂದಾಗ ಜನ ತಮ್ಮ ಕೊಡೆಗಳನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು, ಅವು ನೆನೆಯದಂತೆ ಬೆನ್ನು ಬಾಗಿಸಿ, ತಾವು ತೊಯ್ದು ತೊಪ್ಪೆಯಾಗಿ ಓಡಾಡತೊಡಗಿದರು. ಕೊಡೆಯವಳನ್ನು ಈಗ ಎಲ್ಲರೂ ಹೊಗಳುತ್ತಿದ್ದರು. ಬಟ್ಟೆಯ ನೇಯ್ಗೆ ಎಂಥದು, ಕಡ್ಡಿಯ ಬಾಗು ಎಂಥದು ಎನ್ನುತ್ತಿದ್ದರು. ಅವಳು ನಾಚಿಕೊಳ್ಳುತ್ತಿದ್ದಳು.

ಸಾರಿನವನ ಒಲೆಯ ಹತ್ತಿರ ಈಗ ಸಾಲು ಇರಲಿಲ್ಲ. ಹೊಸಬಳು ಬರುತ್ತಿದ್ದಳು. ಒಂದು ದಿನ ಅವಳ ಮುಷ್ಟಿಯಲ್ಲಿ ಒಂದು ಉಂಡೆ ಬೆಲ್ಲವಿತ್ತು. ಯಾವುದಕ್ಕೆ ಬದಲಾಗಿ ತಂದಳೋ ಹೇಳಲಿಲ್ಲ. ಪಾತ್ರೆ ಕುದಿಯುತ್ತಿತ್ತು. ಕೇಳದೆ, ಕರೆಯದೆ, ಅವಳು ಬೆಲ್ಲವನ್ನು ತನ್ನ ಕೈಯಿಂದಲೇ ಅದರೊಳಗೆ ಹಾಕಿಬಿಟ್ಟಳು. ಇನ್ನೊಬ್ಬರು ಮಾಡುತ್ತಿರುವುದಕ್ಕೆ ಕೈಹಾಕುವುದು ಆ ಊರಿನಲ್ಲಿ ಇರಲೇ ಇಲ್ಲ. ಬೆಲ್ಲ ಕರಗಿತು. ರೂಢಿಯಂತೆ ಸಾರಿನವನು ಒಂದು ಸೌಟು ತೆಗೆದು ಬಾಯಿಗೆ ಹಾಕಿಕೊಂಡ.

ಸೌಟು ಅವನ ಕೈಯಲ್ಲೇ ನಿಂತಿತು.

ಅವನ ಕೈ ಹಾಕಿದ್ದೆಲ್ಲ ಎಂದಿನಂತೆ ಬಾಯಲ್ಲಿ ಕಾಣೆಯಾಗಿತ್ತು. ಹುಳಿ ಇರಲಿಲ್ಲ, ಮೆಣಸು ಇರಲಿಲ್ಲ, ಉಪ್ಪು ಇರಲಿಲ್ಲ. ಆದರೆ ಆ ಬಿಸಿನೀರಿನ ನಡುವೆ, ಬಹಳ ದೂರದಿಂದ ಬಂದಂತೆ, ಬೆಲ್ಲವಿತ್ತು. ಅವಳ ಕೈ ಹಾಕಿದ್ದು ಅವನ ನಾಲಿಗೆಗೆ ಹತ್ತಿತ್ತು. ಅವನು ಇನ್ನೊಂದು ಸೌಟು ಕುಡಿದ. ಮತ್ತೊಂದು ಕುಡಿದ.

"ಸಿಹಿ," ಎಂದ. "ಬರೀ ಸಿಹಿ."

ಅವಳು ಸೌಟು ಕಿತ್ತುಕೊಂಡು ರುಚಿ ನೋಡಿದಳು. ಅವಳ ಬಾಯಿಗೆ ಬೆಲ್ಲವೊಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು.

"ಎಲ್ಲಿಯ ಸಿಹಿ? ಇನ್ನೂ ಹುಳಿಯೇ."

ಅಲ್ಲ ಎಂದ ಅವನು. ಹೌದು ಎಂದಳು ಅವಳು. ಇಬ್ಬರೂ ಪಾತ್ರೆಯ ಮೇಲೆ ಬಾಗಿ ಒಂದೇ ಸೌಟಿನಲ್ಲಿ ಸರದಿಯಂತೆ ಕುಡಿದು ವಾದ ಮಾಡಿದರು. ಕೊಡೆ ಬಚ್ಚಿಟ್ಟುಕೊಂಡು ಮಳೆಯಲ್ಲಿ ಓಡುತ್ತಿದ್ದ ಬೀಗದವನು ಒಂದು ಗಳಿಗೆ ನಿಂತು, ಇವರಿಗೆ ಏನಾಗಿದೆ ಎಂದು ನೋಡಿ, ಮುಂದೆ ಓಡಿದ. ಪಾತ್ರೆಯ ತಳ ಕಾಣಿಸುವವರೆಗೂ ಇಬ್ಬರಲ್ಲಿ ಯಾರೂ ಸೋಲಲಿಲ್ಲ.

ಸಾರಿನವನು ಬರಿದಾದ ಪಾತ್ರೆಯನ್ನು ತೊಳೆದು ಬೋರಲು ಹಾಕಿದ. ಒಲೆಯ ಕೆಂಡ ಕೆದಕಿದ. ಆಮೇಲೆ ಹೇಳಿದ:

"ನಾಳೆ ಹುಳಿ ನೀನು ಕಿವುಚು. ಬೇಳೆ ನಾನೇ ಬೇಯಿಸುತ್ತೇನೆ. ನಾಡಿದ್ದು ಮೆಣಸು ಕುಟ್ಟುವೆಯಂತೆ."

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತೋಳು ಮೇಲೆ ಮಡಚಿಕೊಂಡಳು, ಈಗಲೇ ಕಿವುಚಬೇಕೆಂಬಂತೆ.

"ಆಗಲಿ. ಆದರೆ ನಾನು ಕಿವುಚಿದರೆ ನನಗೆ ಹುಳಿ ಗೊತ್ತಾಗಲ್ಲ," ಎಂದಳು. "ಹೆಚ್ಚಾದರೆ ಬೈಯೋದು ನೀನು."